ಮುಪ್ಪಿನ ನಾಯಿಗೊಂದು ತಾಳ್ಮೆಯ ಮನೆ

(ಬಿ. ಎ. ಅಂತಿಮ ವರ್ಷದ ವಿದ್ಯಾರ್ಥಿನಿ, ಬಿಜ್ಜರಗಿ)

ಮನುಷ್ಯನ ಜೊತೆಗೆ ಬಾಳಲು ಬಂದ ಪ್ರಾಣಿಗಳಲ್ಲಿ ನಾಯಿಯೇ ಮೊದಲನೆಯದು. ದನ, ಕುರಿ, ಕುದುರೆಗಳು ನಮ್ಮ ಕೊಟ್ಟಿಗೆಗೆ ಬರುವ ಸಾವಿರಾರು ವರ್ಷ ಮೊದಲೇ ಅದು ನಮ್ಮ ಬೆಂಕಿಯ ಪಕ್ಕದಲ್ಲಿ ಬಂದು ಮಲಗಿತ್ತು. ಆದರೂ ನಮ್ಮ ಮಾತಿನಲ್ಲಿ ಅದಕ್ಕೆ ದೊರೆತ ಸ್ಥಾನ ವಿಚಿತ್ರವಾದದ್ದು. 'ನಾಯಿಪಾಡು', 'ನಾಯಿ ಜನ್ಮ' ಎಂದು ಹಳಿಯುವ ಬಾಯಿಯೇ 'ನಿಯತ್ತೆಂದರೆ ನಾಯಿಯದು' ಎಂದು ಹೊಗಳುವದೂ ಉಂಟು. ನಿಯತ್ತನ್ನು ನಾವು ಅದರಿಂದ ಪಡೆಯುತ್ತೇವೆ. ತಿರುಗಿ ಎಷ್ಟು ಕೊಡುತ್ತೇವೆ ಎಂಬದು ಬೇರೆ ಪ್ರಶ್ನೆ. ಆ ಪ್ರಶ್ನೆ ಏಳುವದು ನಾಯಿಗೆ ಮುಪ್ಪು ಬಂದಾಗ.

ಮರಿಯನ್ನು ಬೇಡುವವರು ಬಹಳ. ಬಲಿತ ನಾಯಿಯನ್ನು ಕಾವಲಿಗೆ ಬೇಡುವವರೂ ಇದ್ದಾರೆ. ಆದರೆ ಒಡೆಯನನ್ನು ಕಳೆದುಕೊಂಡ, ಕಣ್ಣು ಮಬ್ಬಾದ, ಓಡಲಾರದ ಮುದಿ ನಾಯಿಯನ್ನು ಯಾರು ಬೇಡುತ್ತಾರೆ? ಅಂಥದಕ್ಕೆ ಹೊಸ ಮನೆ ಹುಡುಕುವದು ಹೇಗೆ? ಈ ಲೇಖನದ ವಿಷಯ ಇಷ್ಟೇ. ಇದು ಸಣ್ಣ ವಿಷಯವೆಂದು ವಾಚಕರು ನಗಬಹುದು. ನಾನೂ ಮೊದಲು ಹಾಗೆಯೇ ತಿಳಿದಿದ್ದೆ. ಒಂದು ಸಲ ಸುಳ್ಳು ಹೇಳಿ ಕೆಟ್ಟ ಮೇಲೆ ಇದರಲ್ಲಿ ಕಲಿಯತಕ್ಕದ್ದು ಬಹಳವಿದೆ ಎಂಬದು ತಿಳಿಯಿತು. ಕಲಿತದ್ದನ್ನು ಕ್ರಮವಾಗಿ ಹೇಳುತ್ತೇನೆ.

ನಮ್ಮೂರು ತಿಕೋಟಾ ತಾಲೂಕಿನ ಬಿಜ್ಜರಗಿ. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳು ಹುಟ್ಟಿದ ಊರೆಂದು ನಾಡಿನ ಜನ ಅದನ್ನು ಬಲ್ಲರು. ಕಳೆದ ವರ್ಷ ಶ್ರಾವಣದಲ್ಲಿ ಕಾಲೇಜಿನಿಂದ ಸಂಜೆಯ ಬಸ್ಸಿಗೆ ಇಳಿದಾಗ, ಬಸ್ ಸ್ಟ್ಯಾಂಡಿನ ಕಟ್ಟೆಯ ಕೆಳಗೆ ಉದ್ದ ಕಾಲಿನ, ಸಪೂರ ಹೊಟ್ಟೆಯ, ಮಾಸಿದ ಬೂದು ಬಣ್ಣದ ನಾಯಿಯೊಂದು ಮಳೆಯಲ್ಲಿ ನಡುಗುತ್ತ ನಿಂತಿತ್ತು. ಕೊರಳಲ್ಲಿ ಹಗ್ಗದ ಗಾಯವಿತ್ತು, ಹಗ್ಗವಿರಲಿಲ್ಲ. ಯಾರೋ ವಾಹನದಲ್ಲಿ ತಂದು ಬಿಟ್ಟು ಹೋದರೆಂದು ಚಹದಂಗಡಿಯವರು ಹೇಳಿದರು. ಮೂರು ದಿನ ಅದು ಅಲ್ಲಿಂದ ಕದಲಲಿಲ್ಲ. ಬಂದ ಪ್ರತಿಯೊಂದು ಗಾಡಿಯ ಸಪ್ಪಳಕ್ಕೂ ಎದ್ದು ನಿಲ್ಲುವದು, ಗಾಡಿ ಹೋದ ಮೇಲೆ ಕೂಡುವದು. ನಾಲ್ಕನೆಯ ದಿನ ನಾನು ರೊಟ್ಟಿಯ ಆಸೆ ತೋರಿಸಿ ಅದನ್ನು ಮನೆಗೆ ಕರೆತಂದೆ.

ಅಪ್ಪ ಅದನ್ನು ನೋಡಿ, "ಇದು ಮುಧೋಳ ನಾಯಿ. ವಯಸ್ಸಿದ್ದಾಗ ಮೊಲದ ಬೆನ್ನ ಹತ್ತಿರತೈತಿ. ಈಗ ಕಣ್ಣ ಹೋಗ್ಯಾವು, ಬಿಟ್ಟಾರ" ಎಂದ. ಅವ್ವ, "ಇರಲಿ, ಮಳಿ ನಿಲ್ಲೂತನಕ ಇರಲಿ" ಎಂದಳು. ಮಳೆ ನಿಂತಿತು. ನಾಯಿ ಉಳಿಯಿತು. ಮೋತಿ ಎಂದು ಹೆಸರಾಯಿತು.

ಮುಧೋಳ ನಾಯಿಯ ವಿಷಯ ಸ್ವಲ್ಪ ಹೇಳಿದರೆ ಮುಂದಿನ ಮಾತು ತಿಳಿಯುವದು ಸುಲಭ. ಕೃಷ್ಣೆಯ ಆಚೆಗಿನ ಮುಧೋಳ ಈಗ ಬಾಗಲಕೋಟೆ ಜಿಲ್ಲೆಯಲ್ಲಿದೆ. ಹಿಂದೆ ಅದು ಘೋರ್ಪಡೆ ಮನೆತನದ ಸಂಸ್ಥಾನವಾಗಿತ್ತು. ಬೇಡರೂ ಕುರಿಗಾರರೂ ಸಾಕಿಕೊಂಡಿದ್ದ ಈ ನಾಯಿಗಳನ್ನು ಆರಿಸಿ ತಳಿಯನ್ನು ಬೆಳೆಸಿದ ಕೀರ್ತಿ ಅಲ್ಲಿಯ ರಾಜ ಮಾಲೋಜಿರಾವ್ ಘೋರ್ಪಡೆಯವರಿಗೆ ಸಲ್ಲುತ್ತದೆ. ಅವರು ಬ್ರಿಟಿಷ್ ದೊರೆ ಐದನೆಯ ಜಾರ್ಜನಿಗೆ ಈ ನಾಯಿಗಳನ್ನು ಕಾಣಿಕೆಯಾಗಿ ಕೊಟ್ಟ ಮೇಲೆ ಇದರ ಹೆಸರು ಹೊರದೇಶಕ್ಕೂ ಹೋಯಿತು. ೨೦೦೫ರಲ್ಲಿ ಭಾರತದ ಅಂಚೆ ಇಲಾಖೆ ದೇಶೀ ನಾಯಿಗಳ ನಾಲ್ಕು ಅಂಚೆಚೀಟಿಗಳನ್ನು ಹೊರಡಿಸಿದಾಗ ಹಿಮಾಲಯದ ಕುರಿನಾಯಿ, ರಾಮಪುರ, ರಾಜಪಾಳಯಂ ನಾಯಿಗಳ ಜೊತೆಗೆ ಮುಧೋಳ ನಾಯಿಯೂ ಒಂದು ಚೀಟಿಯ ಮೇಲೆ ಕಾಣಿಸಿಕೊಂಡಿತು. ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ, ಬೀದರದ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನಾ ಕೇಂದ್ರವಿದೆ. ೨೦೨೦ರ ಆಗಸ್ಟಿನಲ್ಲಿ ಪ್ರಧಾನಮಂತ್ರಿಗಳು ತಮ್ಮ ರೇಡಿಯೋ ಭಾಷಣದಲ್ಲಿ ಇದರ ಹೆಸರೆತ್ತಿದರು. ಹೆಸರಾದದ್ದು ಸಂತೋಷವೇ. ಆದರೆ ಹೆಸರು ಮರಿಗಳಿಗೆ ಗಿರಾಕಿಯನ್ನು ತರುತ್ತದೆ. ಅವೇ ಮರಿಗಳು ಮುದಿಯಾದಾಗ ಕೇಳುವವರನ್ನು ತರುವದಿಲ್ಲ.

ಇದು ವಾಸನೆಗಿಂತ ನೋಟವನ್ನು ನಂಬಿ ಬೇಟೆಯಾಡುವ ಜಾತಿ. ದೂರದಲ್ಲಿ ಅಲುಗಿದ ಹುಲ್ಲನ್ನು ಕಂಡು ಬಾಣದಂತೆ ಹಾರುವದೇ ಅದರ ಗುಣ. ಗಂಡು ನಾಯಿ ಹೆಗಲಿನವರೆಗೆ ಸುಮಾರು ೭೦ ಸೆಂಟಿಮೀಟರು ಎತ್ತರವಿದ್ದರೂ ಮೈಯಲ್ಲಿ ಕೊಬ್ಬಿರುವದಿಲ್ಲ, ತೊಗಲು ತೆಳು, ಕೂದಲು ಗಿಡ್ಡ. ಇದರಿಂದ ಮುಪ್ಪಿನಲ್ಲಿ ಅದಕ್ಕೆ ಮೂರು ಕಷ್ಟ ಬರುತ್ತವೆ. ಕಣ್ಣು ಮಂದವಾದರೆ ಅದರ ಲೋಕವೇ ಮಂದವಾಗುತ್ತದೆ, ಚಳಿ ತಡೆಯುವದಿಲ್ಲ, ಗಟ್ಟಿ ನೆಲದ ಮೇಲೆ ಮಲಗಿದರೆ ಮೊಣಕೈ, ಚಪ್ಪೆಗಳ ಮೇಲೆ ಹುಣ್ಣಾಗುತ್ತದೆ. ಮೊಲದ ಬೇಟೆಯಂತೂ ೧೯೭೨ರ ವನ್ಯಜೀವಿ ಕಾಯಿದೆಯ ಮೇಲೆ ಅಪರಾಧ. ಹೀಗೆ ಕಾಯಿದೆಗೆ ಬೇಡವಾದ ಕೆಲಸಕ್ಕೆ ಸಾಕಿ, ಆ ಕೆಲಸಕ್ಕೂ ಆಗದಾಗ ಬಸ್ ಸ್ಟ್ಯಾಂಡಿಗೆ ಬಿಡುವದು ಎರಡು ಸಲ ತಪ್ಪು ಮಾಡಿದಂತೆ.

ದನದ ದವಾಖಾನೆಯ ಡಾಕ್ಟರರು ಮೋತಿಯ ಹಲ್ಲು, ಕಣ್ಣು, ಕೀಲುಗಳನ್ನು ನೋಡಿ ಒಂಬತ್ತು-ಹತ್ತು ವರ್ಷವಾಗಿರಬೇಕೆಂದರು. ನಾಯಿಯ ಒಂದು ವರ್ಷ ಮನುಷ್ಯನ ಏಳು ವರ್ಷಕ್ಕೆ ಸಮವೆಂಬ ಲೆಕ್ಕ ಪೂರ್ತಿ ಸರಿಯಲ್ಲವೆಂದೂ, ಮೊದಲಿನ ಎರಡು ವರ್ಷಗಳಲ್ಲಿಯೇ ನಾಯಿ ಪ್ರಾಯಕ್ಕೆ ಬರುವದೆಂದೂ, ದೊಡ್ಡ ಗಾತ್ರದ ನಾಯಿಗಳಿಗೆ ಮುಪ್ಪು ಬೇಗ ಬರುವದೆಂದೂ ತಿಳಿಸಿದರು. ಕಣ್ಣಿನಲ್ಲಿ ನೀಲಿ ಮಬ್ಬು ಕಂಡ ಮಾತ್ರಕ್ಕೆ ಕುರುಡೆಂದು ತಿಳಿಯಬಾರದು. ವಯಸ್ಸಾದ ನಾಯಿಗೆ ಬರುವ ಒಂದು ಬಗೆಯ ಮಬ್ಬಿನಲ್ಲಿ ನೋಟ ಬಹಳ ಮಟ್ಟಿಗೆ ಉಳಿದಿರುತ್ತದೆ. ಆದರೆ ಮೋತಿಯ ಬಲಗಣ್ಣಿನಲ್ಲಿ ಪೊರೆ ಬೆಳೆದಿತ್ತು. ಎಡಗಣ್ಣಿಗೆ ಹಗಲಿನಲ್ಲಿ ಮಾತ್ರ ನೆರಳು ಕಾಣುತ್ತಿತ್ತು. ಹಿಂಗಾಲಿನ ಕೀಲುಗಳಲ್ಲಿ ನೋವಿತ್ತು. ಅದಕ್ಕೆ ಔಷಧಿ ಕೊಟ್ಟು ಒಂದು ಎಚ್ಚರಿಕೆ ಹೇಳಿದರು: ಮನುಷ್ಯರ ನೋವಿನ ಗುಳಿಗೆಯನ್ನು ಎಂದೂ ನಾಯಿಗೆ ಕೊಡಬಾರದು, ಅದರಿಂದ ಹೊಟ್ಟೆಯಲ್ಲಿ ಹುಣ್ಣಾಗಿ, ಮೂತ್ರಪಿಂಡ ಕೆಟ್ಟು ನಾಯಿ ಸಾಯಬಹುದು. ಹುಚ್ಚುನಾಯಿ ರೋಗದ ಲಸಿಕೆ ಹಾಕಿ ಚೀಟಿ ಕೊಟ್ಟರು. ಆ ಚೀಟಿಯನ್ನು ನನ್ನ ಪುಸ್ತಕದಲ್ಲಿಟ್ಟುಕೊಂಡೆ.

ಮೂರು ತಿಂಗಳು ಎಲ್ಲವೂ ನೆಟ್ಟಗಿತ್ತು. ದೀಪಾವಳಿಗೆ ಅಕ್ಕ ತನ್ನ ಎರಡು ವರ್ಷದ ಮಗನನ್ನು ಕರೆದುಕೊಂಡು ತವರಿಗೆ ಬಂದಳು. ಮಧ್ಯಾಹ್ನ ಪಡಸಾಲೆಯಲ್ಲಿ ಮಲಗಿದ್ದ ಮೋತಿಯ ಹಿಂಗಾಲಿನ ಮೇಲೆ ಕೂಸು ಕೈಯೂರಿ ಬಿತ್ತು. ಮೋತಿ ನಿದ್ದೆಯಲ್ಲಿಯೇ ತಿರುಗಿ ಕೈಗೆ ಬಾಯಿ ಹಾಕಿತು. ಒಂದೇ ಹಲ್ಲು ತಗುಲಿ ರಕ್ತ ಬಂತು. ಮರುಕ್ಷಣವೇ ಅದು ಮೂಲೆಗೆ ಹೋಗಿ ತಲೆ ತಗ್ಗಿಸಿ ನಿಂತಿತು. ಕೂಸಿನ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಕೂಡಲೆ ದವಾಖಾನೆಗೆ ಒಯ್ದೆವು. ೦, ೩, ೭, ೨೮ ಈ ದಿನಗಳ ಲೆಕ್ಕದಲ್ಲಿ ಚುಚ್ಚುಮದ್ದು ಪ್ರಾರಂಭವಾಯಿತು. ಕಚ್ಚಿದ ನಾಯಿಯನ್ನು ಹತ್ತು ದಿನ ಕಟ್ಟಿ ನೋಡಬೇಕೆಂದರು. ಕಚ್ಚಿದಾಗ ಅದರ ಜೊಲ್ಲಿನಲ್ಲಿ ರೋಗವಿದ್ದರೆ ಆ ಅವಧಿಯೊಳಗೆ ನಾಯಿಯೇ ರೋಗದಿಂದ ಬೀಳುವದು. ಮೋತಿ ಹತ್ತು ದಿನವೂ ಆರೋಗ್ಯದಿಂದ ಇತ್ತು.

ಆದರೆ ಮನೆಯಲ್ಲಿ ಅದರ ಋಣ ತೀರಿತ್ತು. ಅಕ್ಕ ಎರಡನೆಯ ಬಾಣಂತನಕ್ಕೆ ಬರುವವಳಿದ್ದಳು. ಕೂಸಿರುವ ಮನೆಯಲ್ಲಿ ಮಲಗಿದಾಗ ಬೆಚ್ಚಿಬೀಳುವ ನಾಯಿಯನ್ನಿಡುವದು ಸರಿಯಲ್ಲವೆಂಬದನ್ನು ನಾನೂ ಒಪ್ಪಬೇಕಾಯಿತು. ಅಪ್ಪ ಸಿಟ್ಟು ಮಾಡಲಿಲ್ಲ. "ರಸ್ತಾಕ್ಕ ಬಿಡೂದು ಬ್ಯಾಡ. ಒಂದು ಛಲೋ ಜಾಗಾ ನೋಡು. ಹದಿನೈದು ದಿನದಾಗ ನೋಡು" ಎಂದ.

ಅಪ್ಪನಿಗೆ ಓದು ಬಾರದು. ಆದರೂ ಅವನು ಆಡಿದ ಮಾತು ೧೯೬೦ರ ಪ್ರಾಣಿಹಿಂಸೆ ತಡೆ ಕಾಯಿದೆಯ ಮಾತೇ ಆಗಿತ್ತು. ಹಸಿವು ನೀರಡಿಕೆಗಳಿಂದ ನರಳುವ ಸ್ಥಿತಿಯಲ್ಲಿ, ಸಕಾರಣವಿಲ್ಲದೆ ಪ್ರಾಣಿಯನ್ನು ಬಿಟ್ಟುಕೊಡುವದು ಆ ಕಾಯಿದೆಯ ಹನ್ನೊಂದನೆಯ ಕಲಮಿನ ಪ್ರಕಾರ ಅಪರಾಧ. ಈ ಕಾಯಿದೆಯ ಹಿಂದೆ ರುಕ್ಮಿಣೀದೇವಿ ಅರುಂಡೇಲರ ದುಡಿಮೆಯಿದೆ. ನೃತ್ಯಕ್ಕಾಗಿ ಅವರನ್ನು ಬಲ್ಲವರು ಬಹಳ. ರಾಜ್ಯಸಭೆಯಲ್ಲಿ ಮೂಕಪ್ರಾಣಿಗಳಿಗಾಗಿ ಖಾಸಗಿ ಮಸೂದೆ ತಂದು, ಸರಕಾರವೇ ಕಾಯಿದೆ ಮಾಡುವದೆಂದು ಪಂಡಿತ ನೆಹರೂ ಅವರು ಮಾತು ಕೊಟ್ಟ ಮೇಲೆ ಅದನ್ನು ಹಿಂತೆಗೆದುಕೊಂಡವರು ಅವರೇ ಎಂಬದನ್ನು ಬಲ್ಲವರು ಕಡಿಮೆ. ೧೯೬೨ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿ ಸ್ಥಾಪನೆಯಾದಾಗ ಅದರ ಮೊದಲ ಅಧ್ಯಕ್ಷೆಯಾದವರೂ ಅವರೇ. ಆದರೆ ಮೊದಲ ತಪ್ಪಿಗೆ ಕಾಯಿದೆಯಲ್ಲಿ ಬರೆದ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಅಂದು ಅದು ದೊಡ್ಡ ಮೊತ್ತವಿರಬಹುದು. ಇಂದು ನಮ್ಮೂರಿನಿಂದ ವಿಜಯಪುರಕ್ಕೆ ಹೋಗಿ ಬಂದು ಚಹ ಕುಡಿದರೆ ತೀರಿತು. ಆದ್ದರಿಂದ ನಾಯಿಯನ್ನು ಕಾಯುವದು ದಂಡದ ಭಯವಲ್ಲ, ಮನುಷ್ಯನ ಮನಸ್ಸೇ.

ಇನ್ನು ನನ್ನ ತಪ್ಪಿನ ಕಥೆ. ತಿಕೋಟಾ ಭಾಗವೆಲ್ಲ ದ್ರಾಕ್ಷಿಯ ಸೀಮೆ. ಊರಿಂದ ಆರು ಕಿಲೋಮೀಟರು ದೂರದ ದ್ರಾಕ್ಷಿ ತೋಟದವರೊಬ್ಬರಿಗೆ ಕಾವಲಿಗೆ ನಾಯಿ ಬೇಕಾಗಿದೆ ಎಂಬ ಸುದ್ದಿ ತಿಳಿಯಿತು. ನಾನು ಹೋಗಿ ಕೇಳಿದೆ. "ಮುಧೋಳ ಜಾತಿ ಏನವಾ? ಕಚ್ಚತೈತೇನು?" ಎಂದು ಅವರು ಕೇಳಿದರು. "ಇಲ್ಲರೀ ಕಾಕಾ, ಭಾಳ ಸಂಭಾವಿತ ಐತಿ" ಎಂದೆ. ಕಣ್ಣಿನ ವಿಷಯ ಹೇಳಲಿಲ್ಲ. ಕೂಸಿನ ವಿಷಯ ಹೇಳಲಿಲ್ಲ. ವಯಸ್ಸು ಕೇಳಿದಾಗ, "ಐದಾರು ಇರಬಹುದ್ರಿ" ಎಂದೆ. ಹೇಳಿದರೆ ಯಾರೂ ಒಯ್ಯಲಿಕ್ಕಿಲ್ಲ ಎಂಬ ಭಯ ನನ್ನ ನಾಲಗೆಯನ್ನು ಹಿಡಿದಿತ್ತು. ಮೊದಲು ಮನೆ ಸಿಗಲಿ, ಅವರಿಗೆ ಪ್ರೀತಿ ಹುಟ್ಟಿದ ಮೇಲೆ ತಾವೇ ತಿಳಿದುಕೊಳ್ಳುವರು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಎಂಟನೆಯ ದಿನ ನಸುಕಿನಲ್ಲಿ ಮೋತಿ ನಮ್ಮ ಬಾಗಿಲಲ್ಲಿ ಬಿದ್ದಿತ್ತು. ಅಂಗಾಲುಗಳು ಹರಿದಿದ್ದವು, ಕೊರಳಲ್ಲಿ ಕಡಿದ ಹಗ್ಗ. ಕಣ್ಣು ಕಾಣದ ಪ್ರಾಣಿ ಆರು ಕಿಲೋಮೀಟರು ಹೇಗೆ ಬಂದಿತೋ! ತೋಟದವರನ್ನು ಬೈಯಬೇಕೆಂದು ನಾನು ಹೋದೆ. ಅವರು ಶಾಂತವಾಗಿ ಹೇಳಿದರು: "ತಂಗೀ, ರಾತ್ರಿ ಕಾವಲಿಗೆ ನಾಯಿ ಬೇಕಂತ ನಾ ಹೇಳಿದ್ನಿ. ಇದಕ್ಕ ರಾತ್ರಿ ಕಣ್ಣ ಕಾಣೂದಿಲ್ಲ. ಆಳಮನಷ್ಯಾ ಕತ್ತಲದಾಗ ಎಡವಿದ್ರ ಕಡೀಲಿಕ್ಕೆ ಬಂತು. ಅದಕ್ಕ ಕಟ್ಟಿ ಹಾಕಿದ್ವಿ. ನೀ ಮೊದಲs ಹೇಳಿದ್ದಿದ್ರ ನಾವೂ ಬ್ಯಾಡ ಅಂತಿದ್ವಿ, ಅದೂ ಕಷ್ಟ ಪಡತಿರಲಿಲ್ಲ." ನನ್ನಲ್ಲಿ ಉತ್ತರವಿರಲಿಲ್ಲ. ತಪ್ಪು ಅವರದಲ್ಲ, ನನ್ನದು. ಅವರು ಬೇಡಿದ್ದು ಒಂದು, ನಾನು ಕೊಟ್ಟದ್ದು ಇನ್ನೊಂದು.

ಇನ್ನೊಂದು ಅಪಾಯವನ್ನು ಆಮೇಲೆ ತಿಳಿದೆ. ದ್ರಾಕ್ಷಿ, ಒಣದ್ರಾಕ್ಷಿಗಳು ನಾಯಿಗೆ ವಿಷ. ಕೆಲವು ನಾಯಿಗಳು ತಿಂದರೂ ಏನೂ ಆಗುವದಿಲ್ಲ. ಕೆಲವಕ್ಕೆ ಸ್ವಲ್ಪ ತಿಂದರೂ ವಾಂತಿಯಾಗಿ, ಎರಡು ಮೂರು ದಿನಗಳಲ್ಲಿ ಮೂತ್ರಪಿಂಡ ನಿಂತುಹೋಗುತ್ತದೆ. ಯಾವ ನಾಯಿಗೆ ಎಷ್ಟರಿಂದ ಕೇಡೆಂದು ಮುಂದಾಗಿ ಹೇಳಲಾಗುವದಿಲ್ಲ. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲವೇ ಇದಕ್ಕೆ ಕಾರಣವಾಗಿರಬೇಕೆಂದು ಅಮೇರಿಕದ ಪಶುವೈದ್ಯರು ೨೦೨೧ರಲ್ಲಿ ಸೂಚಿಸಿದ್ದಾರೆ. ಒಣದ್ರಾಕ್ಷಿಯ ಶೆಡ್ಡುಗಳು ತುಂಬಿದ ನಮ್ಮ ಸೀಮೆಯಲ್ಲಿ ನಾಯಿ ಸಾಕಿದವರು ಇದನ್ನು ಅವಶ್ಯವಾಗಿ ತಿಳಿದಿರಬೇಕು. ಬಾಯಿ ಹಾಕಿದ್ದು ಕಂಡರೆ ಮನೆಮದ್ದಿಗೆ ಕಾಯದೆ ಪಶುವೈದ್ಯರಲ್ಲಿಗೆ ಒಯ್ಯಬೇಕು.

ಆ ದಿನಗಳಲ್ಲಿಯೇ ನಮ್ಮ ಇತಿಹಾಸದ ತರಗತಿಯಲ್ಲಿ ಆತಕೂರಿನ ಶಾಸನದ ಪಾಠ ನಡೆದಿತ್ತು. ಪರೀಕ್ಷೆಗೆಂದು ಮೊದಲೊಮ್ಮೆ ಓದಿದ್ದ ಪಾಠವೇ. ಕ್ರಿ. ಶ. ೯೪೯ರಲ್ಲಿ ತಕ್ಕೋಲದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೂ ಚೋಳರಿಗೂ ಯುದ್ಧವಾಯಿತು. ಚೋಳ ರಾಜಾದಿತ್ಯ ಮಡಿದ. ಕೃಷ್ಣನ ಪಕ್ಷದಲ್ಲಿ ಕಾದಿದವನು ಗಂಗರ ಬೂತುಗ. ಅವನ ಸೇವಕ ಮಣಲೇರನ ಪರಾಕ್ರಮಕ್ಕೆ ಮೆಚ್ಚಿ, ಬೇಕಾದದ್ದನ್ನು ಬೇಡೆಂದಾಗ ಮಣಲೇರ ಬೇಡಿದ್ದು ಊರನ್ನಲ್ಲ, ಹೊನ್ನನ್ನಲ್ಲ. ಒಡೆಯನ ಬೇಟೆನಾಯಿ ಕಾಳಿಯನ್ನು. ಆ ಕಾಳಿ ಮುಂದೆ ದೊಡ್ಡ ಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಮಣಲೇರ ಅದರ ನೆನಪಿಗೆ ಮಂಡ್ಯ ಜಿಲ್ಲೆಯ ಆತಕೂರಿನ ದೇವಾಲಯದ ಮುಂದೆ ಕಲ್ಲು ನೆಡಿಸಿ ಭೂಮಿಯನ್ನು ಬಿಟ್ಟ. ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪಾಪವೆಂದು ಅಲ್ಲಿಯ ಗೊರವನಿಗೆ ಕಟ್ಟು ಮಾಡಿದ. ನಾಯಿಯೂ ಹಂದಿಯೂ ಎದುರುಬದುರಾಗಿ ನಿಂತ ಆ ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಈ ಸಲ ಪಾಠವನ್ನು ಕೇಳಿದಾಗ ನನಗೆ ಬೇರೊಂದು ಸಂಗತಿ ಕಂಡಿತು. ಕಾಳಿಯೂ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹೋದ ನಾಯಿ. ಕೊಟ್ಟವನಿಗೆ ಅದರ ಗುಣ ಗೊತ್ತಿತ್ತು, ಬೇಡಿದವನಿಗೂ ಗೊತ್ತಿತ್ತು. ಇಬ್ಬರ ನಡುವೆ ಮುಚ್ಚಿಟ್ಟದ್ದು ಏನೂ ಇರಲಿಲ್ಲ. ಆದುದರಿಂದಲೇ ಆ ಸಂಬಂಧ ನಾಯಿ ಸತ್ತ ಮೇಲೂ ಉಳಿಯಿತು. ನಾನು ದ್ರಾಕ್ಷಿ ತೋಟದಲ್ಲಿ ಮಾಡಿದ ತಪ್ಪೇನೆಂಬದು ಆ ದಿನ ನನಗೆ ಪೂರ್ಣವಾಗಿ ತಿಳಿಯಿತು.

ಎರಡನೆಯ ಸಲ ಕ್ರಮವಾಗಿ ಹುಡುಕಿದೆ. ದೊಡ್ಡ ಊರುಗಳಲ್ಲಿ ಈ ಕೆಲಸಕ್ಕೆ ಸಂಸ್ಥೆಗಳಿವೆ. ಕ್ರಿಸ್ಟಲ್ ರಾಜರ್ಸ್ ಎಂಬ ಇಂಗ್ಲಿಷ್ ಮಹಿಳೆ ಭಾರತಕ್ಕೆ ಬಂದು, ೧೯೫೯ರಲ್ಲಿ ದಿಲ್ಲಿಯಲ್ಲಿ, ೧೯೮೦ರಲ್ಲಿ ಜಯಪುರದಲ್ಲಿ ಪ್ರಾಣಿಸೇವಾ ಸಂಸ್ಥೆಗಳನ್ನು ಕಟ್ಟಿ, ಕೊನೆಗೆ ತನ್ನ ಮುಪ್ಪಿನಲ್ಲಿ ೧೯೯೧ರಲ್ಲಿ ಬೆಂಗಳೂರಿನಲ್ಲಿ 'ಕ್ಯೂಪಾ' ಸಂಸ್ಥೆಯನ್ನು ಸ್ಥಾಪಿಸಿದಳು. ಇಂಥ ಸಂಸ್ಥೆಗಳು ನಾಯಿ ಕೊಡುವ ಮುಂಚೆ ಒಯ್ಯುವವರನ್ನು ಪ್ರಶ್ನೆ ಕೇಳುತ್ತವೆ, ಮನೆ ನೋಡುತ್ತವೆ, ಕಾಗದ ಬರೆಸುತ್ತವೆ, ಕೊಟ್ಟ ಮೇಲೂ ವಿಚಾರಿಸುತ್ತವೆ. ಹಳ್ಳಿಯಲ್ಲಿ ಸಂಸ್ಥೆಯಿಲ್ಲದಿದ್ದರೂ ಪದ್ಧತಿಯನ್ನು ಯಾರೂ ಅನುಸರಿಸಬಹುದು. ನಾನು ಮಾಡಿದ್ದು ಹೀಗೆ:

ಮೊದಲನೆಯದಾಗಿ, ಒಂದು ಹಾಳೆಯ ಮೇಲೆ ಮೋತಿಯ ದೋಷಗಳನ್ನೆಲ್ಲ ಬರೆದೆ. ವಯಸ್ಸು ಹತ್ತು. ಬಲಗಣ್ಣು ಇಲ್ಲ, ಎಡಗಣ್ಣು ಅರ್ಧ. ಮಲಗಿದಾಗ ಮುಟ್ಟಿದರೆ ಬಾಯಿ ಹಾಕುತ್ತದೆ. ಒಂದು ಸಲ ಕೂಸನ್ನು ಕಚ್ಚಿದೆ. ಕೀಲುನೋವಿಗೆ ಔಷಧಿ ಬೇಕು. ಗುಡುಗಿಗೂ ಪಟಾಕಿಗೂ ಅಂಜುತ್ತದೆ. ಕಾವಲಿಗೆ ಆಗುವದಿಲ್ಲ. ಕೆಳಗೆ ಗುಣಗಳನ್ನು ಬರೆದೆ: ಅಂಗಳ ಹೊಲಸು ಮಾಡುವದಿಲ್ಲ, ಕೋಳಿ ಮುಟ್ಟುವದಿಲ್ಲ, ಎಚ್ಚರವಿದ್ದಾಗ ಯಾರೂ ಮುಟ್ಟಬಹುದು, ಕೂತವರ ಪಾದದ ಮೇಲೆ ತಲೆಯಿಟ್ಟು ಮಲಗುತ್ತದೆ. ನಮ್ಮ ಮನೆತನದಲ್ಲಿ ಕಾಲೇಜಿಗೆ ಹೋದವಳು ನಾನೇ ಮೊದಲು. ಹದಿನೈದು ವರ್ಷ ಬರೆದ ಕಾಗದಗಳಲ್ಲಿ ಪರೀಕ್ಷೆಯ ಹೊರಗೆ ಯಾರಿಗೋ ಉಪಯೋಗಕ್ಕೆ ಬಿದ್ದದ್ದು ಇದೇ ಮೊದಲನೆಯದೆಂದು ತೋರುತ್ತದೆ.

ಎರಡನೆಯದಾಗಿ, ಎಂಥ ಮನೆ ಬೇಕೆಂಬದನ್ನು ನಿಶ್ಚಯಿಸಿದೆ. ಸಣ್ಣ ಮಕ್ಕಳಿರಬಾರದು. ದಿನವಿಡೀ ಯಾರಾದರೂ ಮನೆಯಲ್ಲಿರಬೇಕು. ಮೆಟ್ಟಿಲು ಕಡಿಮೆ, ತೆರೆದ ಬಾವಿ ದೂರ. ಸಾಮಾನುಗಳನ್ನು ದಿನವೂ ಅತ್ತಿತ್ತ ಸರಿಸುವ ಮನೆಯಾಗಬಾರದು. ಏಕೆಂದರೆ ಕುರುಡು ನಾಯಿ ಹೆಜ್ಜೆಯ ಲೆಕ್ಕದಿಂದ ನಡೆಯುತ್ತದೆ. ಇವೆಲ್ಲಕ್ಕಿಂತ ಹೆಚ್ಚಾಗಿ, ನಾಯಿಯಿಂದ ಯಾವ ಕೆಲಸವನ್ನೂ ಬಯಸದ ಜನರಿರಬೇಕು. ಶ್ರೀಮಂತರ ಮನೆಯೇ ಬೇಕೆಂದಿಲ್ಲ. ತಾಳ್ಮೆ ದುಡ್ಡಿಗೆ ಸಿಗುವ ವಸ್ತುವಲ್ಲ.

ಮೂರನೆಯದಾಗಿ, ಬೇಡವೆಂದವರ ಮೇಲೆ ಸಿಟ್ಟು ಮಾಡಿಕೊಳ್ಳಲಿಲ್ಲ. ಹಾಳೆಯನ್ನು ಓದಿ ಹೇಳಿದಾಗ ಆರು ಮನೆಯವರು ಬೇಡವೆಂದರು. ಅವರು ಬೇಡವೆಂದದ್ದು ಮೋತಿಗೆ ಒಳ್ಳೆಯದೇ ಆಯಿತು.

ಏಳನೆಯದು ಹೊಲದಲ್ಲಿ ಒಂಟಿಯಾಗಿದ್ದ ಒಂದು ಮನೆ. ಅಲ್ಲಿ ಮುತ್ಯಾ ಮತ್ತು ಆಯಿ ಇಬ್ಬರೇ. ಮುತ್ಯಾ ಹಿಂದೆ ಕುರಿ ಕಾಯುತ್ತಿದ್ದವ. ಮೊಣಕಾಲು ಕೈಕೊಟ್ಟ ಮೇಲೆ ಕುರಿಗಳನ್ನು ಮಾರಿದ್ದ. ಮಗ ಸೊಸೆ ದುಡಿಯಲು ಪುಣೆಗೆ ಹೋಗಿದ್ದರು. ನಾನು ಮಾತು ತೆಗೆಯುವ ಮೊದಲೇ ಮುತ್ಯಾ, "ಅದರ ಕೆಟ್ಟ ಚಾಳಿ ಏನೇನ ಅದಾವು, ಮೊದಲ ಅವನ್ನ ಹೇಳವಾ. ಛಲೋವು ನಾವs ನೋಡ್ತೀವಿ" ಎಂದ. ನಾನು ಹಾಳೆಯನ್ನು ಓದಿದೆ. ನಿದ್ದೆಯಲ್ಲಿ ಮುಟ್ಟಿದರೆ ಬಾಯಿ ಹಾಕುತ್ತದೆ ಎಂಬಲ್ಲಿ ಆಯಿ ನಕ್ಕು, "ನಮ್ಮ ಮುದಕನೂ ಹಂಗs. ನಿದ್ದಿಗಣ್ಣಾಗ ಎಬ್ಬಿಸಿದ್ರ ಬಡಿಗಿ ಹುಡುಕತಾನು" ಎಂದಳು. ಮುತ್ಯಾ ನಗಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ, "ಕಾಣದ ನಾಯಿನ್ನ ಮುಟ್ಟಿ ಎಬ್ಬಸಬಾರದು, ಕರದು ಎಬ್ಬಸಬೇಕು. ಕೇಳಸತೈತಿ ಇಲ್ಲೋ ಅದಕ್ಕ?" ಎಂದು ಕೇಳಿದ. ಕೇಳಿಸುತ್ತದೆ ಎಂದೆ. "ಹಂಗಾದ್ರ ಆತು. ಎಂಟು ದಿನ ಬಿಟ್ಟು ನೋಡು. ಅದಕ್ಕ ನಾವು ಹೊಂದತೀವೇನು ನೋಡೂಣು" ಎಂದ. ನಾಯಿ ನಮಗೆ ಹೊಂದುವದೇ ಎಂದು ಅದುವರೆಗೆ ಎಲ್ಲರೂ ಕೇಳಿದ್ದರು. ನಾವು ನಾಯಿಗೆ ಹೊಂದುವೆವೇ ಎಂದು ಕೇಳಿದವನು ಅವನೊಬ್ಬನೇ. ನನ್ನ ಹುಡುಕಾಟ ಮುಗಿಯಿತೆಂದು ಆಗಲೇ ನನಗೆ ತಿಳಿಯಿತು.

ಒಯ್ದು ಬಿಟ್ಟ ಮೇಲೂ ಕೆಲಸ ಮುಗಿಯುವದಿಲ್ಲ. ಮೋತಿ ಮಲಗುತ್ತಿದ್ದ ಕೌದಿಯನ್ನು ತೊಳೆಯದೆಯೇ ಅದರ ಜೊತೆಗೆ ಕೊಟ್ಟೆ. ಪರಿಚಿತ ವಾಸನೆ ಕುರುಡು ಪ್ರಾಣಿಗೆ ಧೈರ್ಯ. ಅದೇ ಬೋಗುಣಿ, ಅದೇ ಹೊತ್ತು, ಅದೇ ಊಟ: ಮಜ್ಜಿಗೆಯಲ್ಲಿ ನೆನೆಸಿದ ಜೋಳದ ರೊಟ್ಟಿ, ಕೆಲವು ದಿನ ತತ್ತಿ, ಉಳ್ಳಾಗಡ್ಡಿ ಬೆಳ್ಳುಳ್ಳಿಗಳು ನಾಯಿಯ ರಕ್ತಕ್ಕೆ ಕೇಡಾದ್ದರಿಂದ ಅವು ಬೇಡ. ಮೊದಲ ದಿನ ಕೊರಳಿಗೆ ಹಗ್ಗ ಕಟ್ಟಿ ಮನೆಯ ಸುತ್ತ, ಬಾಗಿಲು, ನೀರಿನ ದೋಣಿಗಳವರೆಗೆ ನಿಧಾನವಾಗಿ ನಾಲ್ಕು ಸಲ ನಡೆಸಿದೆವು. ನಾಯಿಯನ್ನು ಬಲ್ಲವರು ಮೂರು ದಿನ, ಮೂರು ವಾರ, ಮೂರು ತಿಂಗಳು ಎಂದು ಒಂದು ಲೆಕ್ಕ ಹೇಳುತ್ತಾರೆ: ಮೂರು ದಿನ ಅಂಜಿಕೆ ಇಳಿಯಲು, ಮೂರು ವಾರ ಮನೆಯ ರೀತಿ ತಿಳಿಯಲು, ಮೂರು ತಿಂಗಳು ಮನೆ ತನ್ನದೆನಿಸಲು. ಇದು ಕಟ್ಟುನಿಟ್ಟಿನ ನಿಯಮವಲ್ಲ. ಆದರೂ ಮೊದಲ ವಾರವೇ ನಾಯಿಯನ್ನು ಅಳೆದು ತೀರ್ಪು ಕೊಡಬಾರದೆಂಬ ಬುದ್ಧಿವಾದ ಅದರಲ್ಲಿದೆ. ಮೋತಿ ಎರಡು ದಿನ ಉಣ್ಣಲಿಲ್ಲ. ಮೂರನೆಯ ದಿನ ಆಯಿ ರೊಟ್ಟಿ ಬಡಿಯುವ ಸಪ್ಪಳಕ್ಕೆ ಎದ್ದು ಬಂದು ಒಲೆಯ ಹತ್ತಿರ ಕೂತಿತಂತೆ. ಎಂಟು ದಿನ ಕಳೆದ ಮೇಲೆ ನಾನು ಹೋಗಿ ಕೇಳಿದಾಗ ಮುತ್ಯಾ, "ಇರಲಿ ಬಿಡು" ಎಂದಷ್ಟೇ ಹೇಳಿದ. ಲಸಿಕೆಯ ಚೀಟಿಯನ್ನೂ ದೋಷಗಳ ಹಾಳೆಯನ್ನೂ ಅವನ ಕೈಯಲ್ಲಿಟ್ಟೆ. ಒಂದು ವೇಳೆ ಇಟ್ಟುಕೊಳ್ಳಲು ಆಗದಿದ್ದರೆ ಬೇರೆಲ್ಲಿಯೂ ಬಿಡದೆ ನನಗೇ ಹೇಳಿ ಕಳಿಸಬೇಕೆಂದು ಮಾತು ತೆಗೆದುಕೊಂಡೆ. ಈ ಮಾತು ಮುಖ್ಯವಾದದ್ದು. ಕೊಟ್ಟವರ ಬಾಗಿಲು ತೆರೆದಿದ್ದರೆ ನಾಯಿ ಬೀದಿಗೆ ಬೀಳುವದಿಲ್ಲ.

ಬೀದಿನಾಯಿಗಳ ಪ್ರಶ್ನೆ ಈಗ ದೇಶದಲ್ಲೆಲ್ಲ ಚರ್ಚೆಯಲ್ಲಿದೆ. ೨೦೨೫ರ ಆಗಸ್ಟ್ ೨೨ರಂದು ಸುಪ್ರೀಂ ಕೋರ್ಟು ಕೊಟ್ಟ ಆಜ್ಞೆಯಲ್ಲಿ, ನಾಯಿಯನ್ನು ದತ್ತು ತೆಗೆದುಕೊಳ್ಳಬಯಸುವವರು ಪಾಲಿಕೆಗೆ ಅರ್ಜಿ ಕೊಡಬಹುದೆಂದೂ, ಹಾಗೆ ಒಯ್ದ ನಾಯಿ ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳುವದು ಅವರ ಹೊಣೆಯೆಂದೂ ಹೇಳಿದೆ. ನಾಯಿ ಕಡಿತದ ಭಯ ಸುಳ್ಳಲ್ಲ. ನಮ್ಮ ಮನೆಯ ಕೂಸಿನ ಕೈಯ ಗಾಯವನ್ನು ನಾನೇ ತೊಳೆದಿದ್ದೇನೆ. ಆದರೆ ಬೀದಿಯಲ್ಲಿಯ ನಾಯಿಗಳಲ್ಲಿ ಎಷ್ಟೋ ಒಂದು ಕಾಲಕ್ಕೆ ಯಾರದೋ ಮನೆಯವು. ಬಿಡುವವರು ನಿಂತರೆ ಬೀದಿಯ ಹೊರೆ ಅಷ್ಟು ಕಡಿಮೆಯಾಗುವದು.

ಮಹಾಭಾರತದ ಕೊನೆಯಲ್ಲಿ ಧರ್ಮರಾಯ ತನ್ನನ್ನು ನಂಬಿ ಬಂದ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲಾರೆನೆಂದ ಕಥೆಯನ್ನು ಎಲ್ಲರೂ ಬಲ್ಲರು. ಅಷ್ಟು ದೊಡ್ಡ ತ್ಯಾಗವನ್ನು ನಮ್ಮಿಂದ ಯಾರೂ ಕೇಳಿಲ್ಲ. ಇಟ್ಟುಕೊಳ್ಳಲಾಗದಿದ್ದರೆ ನಿಜ ಹೇಳಿ ತಕ್ಕ ಕೈಗೆ ಕೊಡುವದು, ಕೊಟ್ಟ ಮೇಲೆ ಮರೆಯದಿರುವದು — ಇಷ್ಟು ಸಾಕು.

ನಾನು ರವಿವಾರಕ್ಕೊಮ್ಮೆ ಆ ಹೊಲಕ್ಕೆ ಹೋಗಿ ಬರುತ್ತೇನೆ. ಮೊದಮೊದಲು ನನ್ನ ಹೆಜ್ಜೆಯ ಸಪ್ಪಳಕ್ಕೆ ಮೋತಿ ಓಡಿ ಬಂದು, ನಾನು ಹೊರಟಾಗ ಬದುವಿನವರೆಗೆ ಹಿಂದೆಯೇ ಬರುತ್ತಿತ್ತು. ಕಳೆದ ತಿಂಗಳು ಹೋದಾಗ ಬಾಲ ಅಲ್ಲಾಡಿಸಿತು, ಕೈ ಮೂಸಿತು, ಆಮೇಲೆ ತಿರುಗಿ ಹೋಗಿ ಮುತ್ಯಾನ ಪಾದದ ಮೇಲೆ ತಲೆಯಿಟ್ಟು ಮಲಗಿತು. ನಾನು ಹೊರಟಾಗ ಏಳಲಿಲ್ಲ. ದಾರಿಯಲ್ಲಿ ನನಗೆ ಸ್ವಲ್ಪ ಕೆಡುಕೆನಿಸಿತು. ಬಸ್ ಸ್ಟ್ಯಾಂಡಿಗೆ ಬಂದು ಆ ಕಟ್ಟೆಯ ಮೇಲೆ ಕೂತಾಗ ಹೊಳೆಯಿತು: ಒಂದು ಕಾಲಕ್ಕೆ ಬಂದ ಪ್ರತಿಯೊಂದು ಗಾಡಿಗೂ ಎದ್ದು ನಿಲ್ಲುತ್ತಿದ್ದ ನಾಯಿ ಈಗ ಯಾರು ಬಂದರೂ, ಯಾರು ಹೋದರೂ ಮಲಗಿಯೇ ಇರುತ್ತದೆ. ಅದಕ್ಕೆ ಮನೆ ಸಿಕ್ಕಿದೆ.